ಫೈಲು ಹೊರುವ ಕೆಲಸ ತಪ್ಪಿದ ಮೇಲೆ

ವರ್ಡ್‌ಪ್ರೆಸ್ಸಿನಲ್ಲಿ ಸ್ವಂತ ತಾಣ ಮಾಡಿಕೊಂಡವರಿಗೆ ಈಗ ಥೀಮ್ ಬದಲಾಯಿಸುವುದು ಅಂದರೆ ಅಂಗಿ ಬದಲಾಯಿಸಿದಷ್ಟೇ ಸಲೀಸು. ಡ್ಯಾಶ್‌ಬೋರ್ಡಿಗೆ ಹೋಗಿ ಹುಡುಕಿ, 'ಇನ್‌ಸ್ಟಾಲ್' ಅಂತ ಒಂದು ಸಲ ಒತ್ತಿ, 'ಆ್ಯಕ್ಟಿವೇಟ್' ಅಂತ ಇನ್ನೊಂದು ಸಲ ಒತ್ತಿದರೆ ಮುಗೀತು. ಕಾಫಿ ಆರುವುದರೊಳಗೆ ತಾಣದ ಮುಖವೇ ಬೇರೆ. ಪ್ಲಗಿನ್ ಹಾಕುವುದೂ ಹಾಗೇ. ಆದರೆ 2008ಕ್ಕೆ ಮೊದಲು ಇದು ಹೀಗಿರಲಿಲ್ಲ. ಅದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಈಗ ಕಾಲ ಕೂಡಿ ಬಂತು. ತಾಂತ್ರಿಕ ಬರಹ ಅಂತ ಹೆದರಿ ಓಡಬೇಡಿ. ಇದರಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ನೀರಲ್ಲಿ ಮುಳುಗಿದ ಊರುಗಳಿವೆ, ಒತ್ತಕ್ಷರಗಳಿವೆ. :-)

ಮೊದಲು ಆ ಕಾಲದ ವಿಧಾನ ಹೇಳಿಬಿಡ್ತೀನಿ. ಯಾವುದೋ ಥೀಮ್ ಇಷ್ಟವಾಯ್ತು ಅಂದುಕೊಳ್ಳಿ. ಅದರ ಜಿಪ್ ಫೈಲನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದನ್ನು ಬಿಚ್ಚಬೇಕು. ಆಮೇಲೆ ಎಫ್‌ಟಿಪಿ ತಂತ್ರಾಂಶ ತೆರೆದು, ಸರ್ವರಿನ ಹೆಸರು, ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು. ಎಡಗಡೆ ನಮ್ಮ ಕಂಪ್ಯೂಟರು, ಬಲಗಡೆ ಸರ್ವರು. ಬಲಗಡೆ 'ಡಬ್ಲ್ಯುಪಿ-ಕಂಟೆಂಟ್' ಅನ್ನುವ ಫೋಲ್ಡರ್ ಹುಡುಕಿ, ಅದರೊಳಗೆ 'ಥೀಮ್ಸ್' ಫೋಲ್ಡರ್ ತೆರೆದು, ಎಡಗಡೆಯಿಂದ ಬಲಗಡೆಗೆ ಎಳೆದು ಬಿಡಬೇಕು. ಪ್ಲಗಿನ್ ಆದರೆ ಪಕ್ಕದ 'ಪ್ಲಗಿನ್ಸ್' ಫೋಲ್ಡರಿಗೆ. ನಂತರ ಕೈಕಟ್ಟಿ ಕೂತು, ಫೈಲುಗಳು ಒಂದೊಂದಾಗಿ ಹೋಗುವುದನ್ನು ನೋಡುತ್ತಾ ಇರಬೇಕು.

'ಒಂದೊಂದಾಗಿ' ಅನ್ನುವುದೇ ಇಲ್ಲಿ ಮುಖ್ಯ. ಎಫ್‌ಟಿಪಿಯಲ್ಲಿ ಮಾತುಕತೆಗೆ ಒಂದು ಸಂಪರ್ಕ, ಸಾಮಾನು ಸಾಗಿಸುವುದಕ್ಕೆ ಬೇರೆ ಸಂಪರ್ಕ. ಅದೂ ಪ್ರತಿ ಫೈಲಿಗೂ ಹೊಸದಾಗಿ ಒಂದೊಂದು. ಒಂದು ದೊಡ್ಡ ಫೈಲು ಕಳಿಸುವುದಕ್ಕಿಂತ ಅಷ್ಟೇ ತೂಕದ ನೂರು ಸಣ್ಣ ಫೈಲು ಕಳಿಸಲು ಹೆಚ್ಚು ಹೊತ್ತು ಬೇಕು. ಅಡಿಕೆ ಮೂಟೆಯನ್ನು ಒಂದೇ ಸಲ ಹೊತ್ತು ಹಾಕುವ ಬದಲು, ಒಂದೊಂದೇ ಅಡಿಕೆ ಕೈಯಲ್ಲಿ ಹಿಡಿದು ಅಂಗಳದಿಂದ ಅಟ್ಟಕ್ಕೆ ಹತ್ತಿ ಇಳಿದ ಹಾಗೆ. ನಡುವೆ ಕರೆಂಟು ಹೋದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಹುಡುಕುತ್ತಾ ಕೂರಬೇಕು. ಒಂದು ಫೈಲು ಅರ್ಧ ಹೋಗಿ ನಿಂತರೂ ಸಾಕು, ತಾಣ ತೆರೆದರೆ ಬಿಳಿ ಹಾಳೆ.

ಹಾಗಂತ ಎಫ್‌ಟಿಪಿಯನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅದು ಬಹಳ ಹಿರಿಯ ಜೀವ. ಅದರ ಮೊದಲ ಬರಹ ರೂಪ ಹೊರಬಂದದ್ದು ಏಪ್ರಿಲ್ 1971ರಲ್ಲಿ. ಬರೆದವರು ಅಭಯ್ ಭೂಷಣ್, ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋದವರು. ವೆಬ್ ಹುಟ್ಟುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಒಬ್ಬ ಭಾರತೀಯ ಬರೆದಿಟ್ಟ ಪದ್ಧತಿ ಅದು. ಆಗ ಆ ಜಾಲದಲ್ಲಿ ಇದ್ದವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ, ಹಾಗಾಗಿ ಪಾಸ್‌ವರ್ಡು ಮುಚ್ಚುಮರೆ ಇಲ್ಲದೆ ತಂತಿಯ ಮೇಲೆ ಹೋದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊರು ದೊಡ್ಡದಾದ ಮೇಲೆ ಬಾಗಿಲು ತೆರೆದಿಟ್ಟು ಮಲಗುವುದು ಆಗುವುದಿಲ್ಲವಲ್ಲ! 2021ರಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಎಫ್‌ಟಿಪಿಯನ್ನು ಕೈಬಿಟ್ಟವು. ಈಗ ಬೇಕಾದವರು ಬಳಸುವುದು ಗುಪ್ತಲಿಪಿಯಲ್ಲಿ ಸಾಗುವ ಎಸ್‌ಎಫ್‌ಟಿಪಿಯನ್ನು.

ಈಗ ಮೇಷ್ಟ್ರ ವಿಷಯಕ್ಕೆ ಬರ್ತೀನಿ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಸಾಗರದ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಅವರದೂ ಒಂದು. ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸ ಅಂದರೆ ಮುಳುಗಡೆಯಾದ ಊರು, ಕೇರಿ, ಹಳ್ಳ, ಗದ್ದೆಗಳ ಹೆಸರುಗಳನ್ನೂ, ಆ ಕಡೆಯ ಹಳಬರ ಬಾಯಲ್ಲಿ ಮಾತ್ರ ಉಳಿದಿರುವ ಪದಗಳನ್ನೂ ಬರೆದಿಡುವುದು. ನೋಟ್‌ಬುಕ್ಕುಗಳು ತುಂಬಿದವು. ಅಚ್ಚು ಹಾಕಿಸಲು ದುಡ್ಡಿಲ್ಲ. 2007ರ ಕೊನೆಗೆ ಒಂದು ದಿನ ಫೋನ್ ಮಾಡಿ, "ನೀನು ಕಂಪ್ಯೂಟರ್ ಕಂಪೆನಿಯಲ್ಲಿ ಇದ್ದೀಯಲ್ಲ ಮಾರಾಯ, ಇದನ್ನ ಇಂಟರ್ನೆಟ್ಟಿಗೆ ಹಾಕಲಿಕ್ಕೆ ಆಗ್ತದಾ?" ಅಂದರು. ನಾನು ಅಲ್ಲಿ ಮಾಡುವುದು ಟೆಸ್ಟಿಂಗು, ತಾಣ ಕಟ್ಟುವ ಕೆಲಸ ಅಲ್ಲ. ಆದರೆ ಊರಲ್ಲಿ ಅದೆಲ್ಲ ಒಂದೇ ಲೆಕ್ಕ. "ಆಗ್ತದೆ ಸಾರ್" ಅಂದೆ.

ವರ್ಡ್‌ಪ್ರೆಸ್ ಆಗ 2.3ನೇ ಆವೃತ್ತಿಯಲ್ಲಿತ್ತು. ಜಾಗ ಬಾಡಿಗೆಗೆ ತೆಗೆದುಕೊಂಡು, ನೀಲಿ ತಲೆಪಟ್ಟಿಯ ಆ ಹಳೇ ಕ್ಯೂಬ್ರಿಕ್ ಥೀಮಿನಲ್ಲಿ ತಾಣ ಎಬ್ಬಿಸಿ ಕೊಟ್ಟೆ. ಬರಹ ಹಾಕುವುದನ್ನು ಮೇಷ್ಟ್ರು ಎರಡೇ ದಿನದಲ್ಲಿ ಕಲಿತರು. ಅದೇನು ಮಹಾ, ಬ್ರೌಸರಿನಲ್ಲಿ ಬರೆದು 'ಪಬ್ಲಿಷ್' ಒತ್ತುವುದು. ಆದರೆ ಥೀಮು, ಪ್ಲಗಿನ್ನು ಅಂದ ಕೂಡಲೇ ನಾನೇ ಬೇಕು. ಅವರಿಗೆ ಎಫ್‌ಟಿಪಿ ಕಲಿಸಲು ಫೋನಿನಲ್ಲಿ ಎರಡು ಭಾನುವಾರ ಪ್ರಯತ್ನಪಟ್ಟೆವು. ಎಡಗಡೆ ಇರುವುದು ಯಾರ ಮನೆ, ಬಲಗಡೆ ಇರುವುದು ಯಾರ ಮನೆ, ಯಾವ ಫೋಲ್ಡರಿನೊಳಗೆ ಯಾವುದನ್ನು ಬಿಡಬೇಕು ಅನ್ನುವುದು ಕಣ್ಣಿಗೆ ಕಾಣದೆ ಬರೀ ಕಿವಿಯಲ್ಲಿ ಕೇಳಿ ತಿಳಿಯುವ ವಿಷಯ ಅಲ್ಲ. ಕೊನೆಗೆ ಅವರೇ, "ಬಿಡು ಮಾರಾಯ, ಅದು ನಿನ್ನ ಪಾಲಿಗಿರಲಿ" ಅಂದರು.

ಒಂದು ವರ್ಷ ಹಾಗೇ ನಡೆಯಿತು. ನಾನು ಬೆಂಗಳೂರಿನಲ್ಲಿ ಅವರ ಫೈಲು ಹೊರುವ ಹಮಾಲಿ. ನನಗೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಅವರಿಗೆ, ಅದೂ ನನಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ಪದಗಳ ಪಟ್ಟಿಯನ್ನು ಅಕಾರಾದಿಯಾಗಿ ತೋರಿಸುವ ಒಂದು ಪ್ಲಗಿನ್ ಬೇಕು ಅಂತ ಅವರು ನಾಲ್ಕು ತಿಂಗಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರಂತೆ. "ಹುಡುಗ ದುಡಿದು ದಣಿದು ಬಂದಿರ್ತಾನೆ, ಇದನ್ನ ಹೇಗೆ ಕೇಳುದು" ಅಂತ. ಯೋಚಿಸಿ ನೋಡಿ, ಒಬ್ಬರ ಮರ್ಜಿಯ ಮೇಲೆ ನಿಂತ ಕೆಲಸದಲ್ಲಿ ಆದದ್ದರ ಲೆಕ್ಕ ಸಿಗುತ್ತದೆ. ಸಂಕೋಚಕ್ಕೆ ಕೇಳದೇ ಬಿಟ್ಟದ್ದರ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಅಷ್ಟರಲ್ಲಿ ವರ್ಡ್‌ಪ್ರೆಸ್ಸೇ ಬದಲಾಯಿತು. ಅವರು ತಮ್ಮ ಆವೃತ್ತಿಗಳಿಗೆ ಜಾಝ್ ಸಂಗೀತಗಾರರ ಹೆಸರಿಡುತ್ತಾರೆ. ಮಾರ್ಚ್ 2008ರಲ್ಲಿ ಬಂದ 2.5ರಲ್ಲಿ, ಇರುವ ಪ್ಲಗಿನ್ನನ್ನು ಒಂದೇ ಕ್ಲಿಕ್ಕಿನಲ್ಲಿ ಹೊಸದು ಮಾಡುವ ಅನುಕೂಲ ಬಂತು. ಡಿಸೆಂಬರ್ 2008ರ 'ಕೋಲ್ಟ್ರೇನ್', ಅಂದರೆ 2.7ರಲ್ಲಿ, ಹೊಸ ಪ್ಲಗಿನ್ನನ್ನು ಡ್ಯಾಶ್‌ಬೋರ್ಡಿನಲ್ಲೇ ಹುಡುಕಿ ಹಾಕುವುದೂ, ವರ್ಡ್‌ಪ್ರೆಸ್ಸನ್ನೇ ಅಲ್ಲಿಂದ ಮೇಲ್ದರ್ಜೆಗೆ ಏರಿಸುವುದೂ ಸಾಧ್ಯವಾಯಿತು. ಜೂನ್ 2009ರ 'ಬೇಕರ್', 2.8ರಲ್ಲಿ ಥೀಮುಗಳಿಗೂ ಅದೇ ಸೌಲಭ್ಯ. ಹದಿನೈದು ತಿಂಗಳಲ್ಲಿ ಎಫ್‌ಟಿಪಿಯ ಮುಕ್ಕಾಲು ಕೆಲಸ ಹೋಯಿತು.

ಇದರ ಒಳಗುಟ್ಟು ತುಂಬ ಸರಳ. ನಾವು ಗುಂಡಿ ಒತ್ತಿದಾಗ ಫೈಲು ನಮ್ಮ ಮನೆಗೆ ಬರುವುದೇ ಇಲ್ಲ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಸರ್ವರಿನಿಂದ ನಮ್ಮ ತಾಣದ ಸರ್ವರಿಗೆ ಜಿಪ್ ನೇರವಾಗಿ, ಮೂಟೆ ಬಿಚ್ಚದೇ ಹೋಗುತ್ತದೆ. ಅಲ್ಲಿ 'ಅಪ್‌ಗ್ರೇಡ್' ಅನ್ನುವ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಂಡು, ನಂತರ ತನ್ನ ಜಾಗಕ್ಕೆ ಸೇರುತ್ತದೆ. ಇಳಿಸುತ್ತಿದ್ದೇನೆ, ಬಿಚ್ಚುತ್ತಿದ್ದೇನೆ, ಹಾಕುತ್ತಿದ್ದೇನೆ, ಆಯಿತು ಅಂತ ಪರದೆಯ ಮೇಲೆ ನಾಲ್ಕು ಸಾಲು ಬರುತ್ತಿತ್ತು ನೆನಪಿದೆಯಾ? ಮೇಷ್ಟ್ರ ಮನೆಯ ಬ್ರಾಡ್‌ಬ್ಯಾಂಡ್ ಎಷ್ಟೇ ಕುಂಟಲಿ, ಅದು ಹೊರಬೇಕಾದದ್ದು ಒಂದು ಕ್ಲಿಕ್ಕಿನ ಭಾರ ಮಾತ್ರ. ಮಿಕ್ಕ ಭಾರ ಎಲ್ಲ ಆ ಎರಡು ಸರ್ವರುಗಳ ಮಧ್ಯೆ.

ಆದರೆ ಅವರ ತಾಣದಲ್ಲಿ ಈ ಗುಂಡಿ ಮೊದಲ ದಿನವೇ ಕೆಲಸ ಮಾಡಲಿಲ್ಲ. ಒತ್ತಿದರೆ 'ಎಫ್‌ಟಿಪಿ ವಿವರ ಕೊಡಿ' ಅಂತ ಒಂದು ಫಾರಂ ಎದುರಾಯಿತು. ಬಿಟ್ಟೆ ಅಂದರೂ ಬಿಡದ ಮಾಯೆ! ಇವತ್ತಿಗೂ ಹಲವರಿಗೆ ಇದು ಕಾಣಿಸಿಕೊಳ್ಳುತ್ತದೆ, ಹಾಗಾಗಿ ಕಾರಣ ಹೇಳ್ತೀನಿ. ಸರ್ವರಿನಲ್ಲಿ ಪ್ರತಿ ಫೈಲಿಗೂ ಒಬ್ಬ ಯಜಮಾನ ಇರುತ್ತಾನೆ. ನಾವು ಎಫ್‌ಟಿಪಿಯಲ್ಲಿ ಹಾಕಿದ ಫೈಲಿಗೆ ನಮ್ಮ ಖಾತೆಯೇ ಯಜಮಾನ. ಆದರೆ ತಾಣ ನಡೆಸುವ ಪಿಎಚ್‌ಪಿ ಕೆಲವು ಸರ್ವರುಗಳಲ್ಲಿ ನಮ್ಮ ಹೆಸರಲ್ಲಿ ಓಡದೆ, ಎಲ್ಲರಿಗೂ ಸಾಮಾನ್ಯವಾದ ಇನ್ನೊಂದು ಹೆಸರಲ್ಲಿ ಓಡುತ್ತಿರುತ್ತದೆ. ವರ್ಡ್‌ಪ್ರೆಸ್ ಒಂದು ಪುಟ್ಟ ಫೈಲು ಬರೆದು, ಅದರ ಯಜಮಾನನೂ ತನ್ನ ಫೈಲುಗಳ ಯಜಮಾನನೂ ಒಬ್ಬನೇ ಹೌದೋ ಅಂತ ಪರೀಕ್ಷೆ ಮಾಡುತ್ತದೆ. ಒಬ್ಬನೇ ಆದರೆ ನೇರವಾಗಿ ಕೆಲಸ ಶುರು. ಬೇರೆ ಆದರೆ, ಬಾಡಿಗೆದಾರ ಗೋಡೆ ಒಡೆಯುವ ಮೊದಲು ಮಾಲೀಕನನ್ನು ಕೇಳಿದ ಹಾಗೆ, ನಮ್ಮ ಎಫ್‌ಟಿಪಿ ಗುರುತು ಕೇಳುತ್ತದೆ. ಕೊಟ್ಟರೆ ಅದೇ ನಮ್ಮ ಪರವಾಗಿ ಎಫ್‌ಟಿಪಿ ಮಾಡಿಕೊಳ್ಳುತ್ತದೆ.

ಇದಕ್ಕೆ ಅಂತರ್ಜಾಲದ ತುಂಬ ಸಿಗುತ್ತಿದ್ದ ಅಗ್ಗದ ಮದ್ದು ಅಂದರೆ ಫೋಲ್ಡರಿಗೆ 777 ಅನುಮತಿ ಕೊಡುವುದು. ಅಂದರೆ ಯಾರು ಬೇಕಾದರೂ ಬಂದು ಏನು ಬೇಕಾದರೂ ಬರೆಯಬಹುದು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ಇರುವಾಗ ಪಕ್ಕದ ತಾಣಕ್ಕೆ ಕಳ್ಳ ಬಂದರೆ ನಮ್ಮ ಬಾಗಿಲೂ ತೆರೆದೇ ಇರುತ್ತದೆ. ಫೋಲ್ಡರಿಗೆ 755, ಫೈಲಿಗೆ 644 ಸಾಕು. ಸರಿಯಾದ ಮದ್ದು ಅಂದರೆ ಪಿಎಚ್‌ಪಿ ನಮ್ಮ ಖಾತೆಯ ಹೆಸರಲ್ಲೇ ಓಡುವ ಸರ್ವರಿಗೆ ಹೋಗುವುದು. ಮೇಷ್ಟ್ರ ತಾಣವನ್ನು 2009ರಲ್ಲಿ ಅಂಥ ಜಾಗಕ್ಕೆ ಸಾಗಿಸಿದೆ. ಆ ದಿನದಿಂದ ಅವರಿಗೆ ಫಾರಂ ಕಾಟ ಇಲ್ಲ.

ಆಮೇಲೆ ನಡೆದದ್ದು ನೋಡಬೇಕಿತ್ತು. ನನಗೆ ಹೇಳದೆ, ಕೇಳದೆ, ಒಂದೇ ಸಂಜೆ ಹನ್ನೊಂದು ಥೀಮ್ ಹಾಕಿ ನೋಡಿದ್ದರು! ಮರುದಿನ ಫೋನಿನಲ್ಲಿ ಅವರು ಕೊಟ್ಟ ವರದಿ ಯಾವ ತಜ್ಞರೂ ಕೊಡುವಂಥದ್ದಲ್ಲ. "ಮಾರಾಯ, ಹತ್ತರಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗ್ತದೆ. ಒಂದರಲ್ಲಿ ಮಾತ್ರ ಸರಿ ಕಾಣ್ತದೆ. ಆ ಒಂದನ್ನೇ ಇಟ್ಟಿದ್ದೇನೆ, ಬಣ್ಣ ಚಂದ ಇಲ್ಲದಿದ್ದರೂ ಅಡ್ಡಿಲ್ಲ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಥೀಮುಗಳನ್ನು ಮಾಡಿದವರ ಕಣ್ಣ ಮುಂದೆ ಇದ್ದದ್ದು ರೋಮನ್ ಲಿಪಿ. ಸಾಲಿನ ಎತ್ತರವನ್ನು ಅದಕ್ಕೆ ತಕ್ಕ ಹಾಗೆ ಬಿಗಿಯಾಗಿ ಇಟ್ಟಿರುತ್ತಾರೆ. ನಮ್ಮ 'ಸ್ತ್ರೀ', 'ರಾಷ್ಟ್ರ', 'ಕೃಷ್ಣ' ಎಲ್ಲ ಸಾಲಿನ ಕೆಳಗೆ ಇಳಿಯುವ ಅಕ್ಷರಗಳು. ದೊಡ್ಡ ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಇದನ್ನು ಸರಿ ಮಾಡಲು ಥೀಮಿನ ಸ್ಟೈಲ್ ಫೈಲಿನಲ್ಲಿ ಒಂದೆರಡು ಸಾಲು ತಿದ್ದಿದರೆ ಸಾಕು. ಆದರೆ ಒಂದು ಕ್ಲಿಕ್ಕಿನ ಅಪ್‌ಡೇಟಿಗೆ ನಮ್ಮ ತಿದ್ದುಪಡಿಯ ಮೇಲೆ ಕರುಣೆ ಇಲ್ಲ. ಹಳೆಯ ಫೋಲ್ಡರನ್ನು ಅಳಿಸಿ ಹೊಸದನ್ನು ಇಡುತ್ತದೆ, ತಿದ್ದಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ತಿದ್ದುವುದಾದರೆ ಮರಿ ಥೀಮ್ ಮಾಡಿಕೊಂಡು ಅದರಲ್ಲಿ ತಿದ್ದಬೇಕು, ಇಲ್ಲದಿದ್ದರೆ ಡಿಸೆಂಬರ್ 2016ರ 4.7ರಲ್ಲಿ ಬಂದ 'ಅಡಿಷನಲ್ ಸಿಎಸ್‌ಎಸ್' ಅನ್ನುವ ಜಾಗದಲ್ಲಿ ಬರೆಯಬೇಕು. ಅದು ಡೇಟಾಬೇಸಿನಲ್ಲಿ ಕೂರುವುದರಿಂದ ಥೀಮ್ ಹೊಸದಾದರೂ ಅಳಿಯುವುದಿಲ್ಲ. ಸಾಲಿನ ಎತ್ತರ 1.7 ಅಥವಾ 1.8 ಇಟ್ಟರೆ ಕನ್ನಡ ಉಸಿರಾಡುತ್ತದೆ.

ಅಪ್‌ಲೋಡಿನ ಬಗ್ಗೆಯೂ ಒಂದು ಮಾತು. ಪಟ್ಟಿಯಲ್ಲಿ ಇಲ್ಲದ ಥೀಮನ್ನು ಬೇರೆ ಕಡೆಯಿಂದ ಕೊಂಡಿದ್ದರೆ ಅದರ ಜಿಪ್ಪನ್ನು ಬಿಚ್ಚದೇ ಡ್ಯಾಶ್‌ಬೋರ್ಡಿನಿಂದಲೇ ಏರಿಸಬಹುದು. ಆಗ 'ಸ್ಟೈಲ್ ಡಾಟ್ ಸಿಎಸ್‌ಎಸ್ ಇಲ್ಲ' ಅಂತ ದೂರು ಬಂದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಮಾರುವವರು ಥೀಮಿನ ಜಿಪ್ಪನ್ನೂ ಕೈಪಿಡಿಯನ್ನೂ ಸೇರಿಸಿ ಇನ್ನೊಂದು ಜಿಪ್ಪಿನಲ್ಲಿ ಕಟ್ಟಿರುತ್ತಾರೆ. ಹೊರಗಿನದನ್ನು ಬಿಚ್ಚಿ ಒಳಗಿನದನ್ನು ಏರಿಸಿದರೆ ಆಯಿತು. ಗಾತ್ರ ಹೆಚ್ಚಾಯಿತು ಅಂದರೆ ಅದು ಪಿಎಚ್‌ಪಿಯ ಮಿತಿ. ಅದರ ಮೂಲ ಮಿತಿ ಬರೇ 2 ಎಂಬಿ, ಹೋಸ್ಟಿಂಗಿನವರಿಗೆ ಹೇಳಿ ಏರಿಸಿಕೊಳ್ಳಬಹುದು.

ಇಷ್ಟೆಲ್ಲ ಅನುಕೂಲ ಆಯಿತಲ್ಲ, ತಕರಾರೂ ಹುಟ್ಟಿತು. ನನ್ನ ಗೆಳೆಯರಲ್ಲಿ ಸರ್ವರ್ ನೋಡಿಕೊಳ್ಳುವ ಒಬ್ಬನಿದ್ದಾನೆ. ಮೇಷ್ಟ್ರ ತಾಣದ ಕಥೆ ಕೇಳಿ ಅವನು ಹೌಹಾರಿದ. "ಅಷ್ಟು ವಯಸ್ಸಾದವರ ಕೈಗೆ ಆ ಗುಂಡಿ ಕೊಟ್ಟಿದ್ದೀಯಾ? ಮೊದಲು ಅದನ್ನ ಮುಚ್ಚು." ಮುಚ್ಚುವುದು ಸುಲಭವೇ. ಕಾನ್ಫಿಗ್ ಫೈಲಿನಲ್ಲಿ 'ಡಿಸ್ಅಲೋ ಫೈಲ್ ಮಾಡ್ಸ್' ಅನ್ನುವ ಒಂದು ಸಾಲು ಬರೆದರೆ ಇನ್‌ಸ್ಟಾಲ್, ಅಪ್‌ಡೇಟ್, ಡಿಲೀಟ್ ಎಲ್ಲ ಗುಂಡಿಗಳೂ ಮಾಯ.

ಅವನ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಆಗಸ್ಟ್ 2011ರಲ್ಲಿ 'ಟಿಮ್‌ಥಂಬ್' ಅನ್ನುವ, ಚಿತ್ರಗಳನ್ನು ಕಿರಿದು ಮಾಡುವ ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ತೂತು ಕಂಡಿತು. ಹೊರಗಿನವರು ಅದರ ಮೂಲಕ ತಮ್ಮ ಪಿಎಚ್‌ಪಿ ಫೈಲನ್ನು ನಮ್ಮ ಸರ್ವರಿಗೆ ಇಳಿಸಬಹುದಿತ್ತು. ಅದು ಎಷ್ಟೋ ಥೀಮುಗಳ ಹೊಟ್ಟೆಯೊಳಗೆ ಕೂತಿತ್ತು, ಅದು ಇದೆ ಅಂತಲೇ ಹಾಕಿಕೊಂಡವರಿಗೆ ಗೊತ್ತಿರಲಿಲ್ಲ. 2017ರದ್ದು ಇನ್ನೂ ಬೇರೆ ಥರ. 'ಡಿಸ್‌ಪ್ಲೇ ವಿಜೆಟ್ಸ್' ಅನ್ನುವ ಒಳ್ಳೇ ಪ್ಲಗಿನ್, ಎರಡು ಲಕ್ಷ ತಾಣಗಳಲ್ಲಿ ಇತ್ತು. ಅದು ಬೇರೆಯವರಿಗೆ ಮಾರಾಟವಾಯಿತು. ಹೊಸ ಯಜಮಾನರು ಬಿಟ್ಟ ಆವೃತ್ತಿಯಲ್ಲಿ, ನಮ್ಮ ತಾಣದಲ್ಲಿ ನಮಗೇ ಕಾಣದ ಹಾಗೆ ಜಾಹೀರಾತಿನ ಪುಟ ತೂರಿಸುವ ಹಿಂಬಾಗಿಲು ಇತ್ತು. ಸೆಪ್ಟೆಂಬರ್ 2017ರಲ್ಲಿ ಅದನ್ನು ಪಟ್ಟಿಯಿಂದ ಖಾಯಂ ತೆಗೆದರು. ಅಲ್ಲಿಯವರೆಗೆ ಸಾಚಾ ಮನುಷ್ಯನಂತೆ ಅಪ್‌ಡೇಟ್ ಒತ್ತಿದವರೇ ಸಿಕ್ಕಿಬಿದ್ದದ್ದು.

ಹಾಗಾಗಿ ಗೆಳೆಯ ಹೇಳಿದ್ದನ್ನು ಮೇಷ್ಟ್ರ ಮುಂದೆಯೇ ಇಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ತಾಣ ಯಾರದ್ದು?"

"ನಿಮ್ಮದೇ ಸಾರ್."

"ಹಾಗಾದರೆ ಕೀಲಿಕೈ ನಿನ್ನ ಹತ್ತಿರ ಯಾಕೆ? ನಾಳೆ ನೀನು ಅಮೇರಿಕಕ್ಕೆ ಹೋದೆ, ಇಲ್ಲ ನಿನಗೆ ಪುರಸೊತ್ತಿಲ್ಲ. ಆಗ ನಾನು ಯಾರ ಮನೆ ಬಾಗಿಲಲ್ಲಿ ನಿಂತ್ಕೊಳ್ಳಲಿ? ಒಂದು ಸಲ ಊರು ಬಿಡುವಾಗ ನಮ್ಮನ್ನು ಕೇಳಿದವರಿಲ್ಲ. ಈ ಊರಾದ್ರೂ ನನ್ನ ಕೈಲಿರಲಿ ಮಾರಾಯ. ಹಾಳಾದರೆ ಹೇಗೆ ಸರಿ ಮಾಡುದು ಅಂತ ಹೇಳು, ಬಾಗಿಲು ಹಾಕುದು ಬೇಡ."

ಆ ಸಾಲನ್ನು ನಾನು ಬರೆಯಲಿಲ್ಲ. ಗುಂಡಿ ಇದ್ದಲ್ಲೇ ಉಳಿಯಿತು. ಬದಲಿಗೆ ಇಬ್ಬರೂ ಕೂತು ನಾಲ್ಕು ನಿಯಮ ಮಾಡಿದೆವು. ಮೇಷ್ಟ್ರು ಅದನ್ನು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಮಾನಿಟರಿನ ಪಕ್ಕ ಅಂಟಿಸಿಕೊಂಡರು. ಒಂದು, ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಹಾಕುವುದು, ದುಡ್ಡಿನ ಥೀಮನ್ನು ಬಿಟ್ಟಿ ಕೊಡುತ್ತೇವೆ ಅನ್ನುವವರ ಕಡೆ ತಲೆ ಹಾಕದಿರುವುದು. ಎರಡು, ಕೊನೆಯ ಸಲ ಯಾವಾಗ ಹೊಸದು ಮಾಡಿದ್ದಾರೆ ಅಂತ ನೋಡುವುದು, ವರ್ಷ ಎರಡಾಗಿದ್ದರೆ ಮುಟ್ಟದಿರುವುದು. ಮೂರು, ಹಾಕುವ ಮೊದಲು ಬ್ಯಾಕಪ್, ಅದೂ ಸರ್ವರಿನಲ್ಲಿ ಅಲ್ಲ, ಮನೆಯ ಪೆನ್‌ಡ್ರೈವಿನಲ್ಲಿ. ನಾಲ್ಕು, ಬಳಸದೇ ಇರುವುದನ್ನು ನಿಲ್ಲಿಸಿ ಇಡುವುದಲ್ಲ, ಅಳಿಸಿಯೇ ಬಿಡುವುದು. ನಿಲ್ಲಿಸಿಟ್ಟ ಪ್ಲಗಿನ್ನಿನ ಫೈಲುಗಳು ಸರ್ವರಿನಲ್ಲೇ ಇರುತ್ತವೆ, ತೂತಿದ್ದರೆ ಅದೂ ಇರುತ್ತದೆ.

ಪಟ್ಟಿಯಲ್ಲಿ ಈಗ 60 ಸಾವಿರದ ಆಸುಪಾಸು ಬಿಟ್ಟಿ ಪ್ಲಗಿನ್ನುಗಳಿವೆ. ಮೇಷ್ಟ್ರ ತಾಣದಲ್ಲಿ ಇರುವುದು ಏಳು. ನನಗೆ ಗೊತ್ತಿರುವ ಎಷ್ಟೋ ಜನ ಸಾಫ್ಟ್‌ವೇರಿನವರ ತಾಣದಲ್ಲಿ ನಲವತ್ತಿವೆ. :-)

ತಾಣ ಒಮ್ಮೆಯೂ ಬೀಳಲಿಲ್ಲ ಅಂತೇನಿಲ್ಲ. 2020ರ ಮಳೆಗಾಲದಲ್ಲಿ ಮೇಷ್ಟ್ರು ಹಳೇ ಫೋಟೋಗಳನ್ನು ತೋರಿಸಲು ಒಂದು ಸ್ಲೈಡರ್ ಹಾಕಿದರು. ಅದಕ್ಕೂ ಇನ್ನೊಂದು ಪ್ಲಗಿನ್ನಿಗೂ ಎಣ್ಣೆ ಸೀಗೇಕಾಯಿ. ತಾಣ ಮುಗ್ಗರಿಸಿತು. ಹತ್ತು ವರ್ಷದ ಹಿಂದಾಗಿದ್ದರೆ ನಾನು ಎಫ್‌ಟಿಪಿಯಲ್ಲಿ ಹೋಗಿ ಆ ಪ್ಲಗಿನ್ನಿನ ಫೋಲ್ಡರಿನ ಹೆಸರು ಬದಲಾಯಿಸಬೇಕಿತ್ತು. ಹಾಗೆ ಮಾಡಿದರೆ ಅದು ತಾನಾಗಿ ನಿಲ್ಲುತ್ತದೆ, ಈಗಲೂ ನಡೆಯುವ ಉಪಾಯ ಅದು. ಆದರೆ ಮೇ 2019ರ 5.2ರಿಂದ ವರ್ಡ್‌ಪ್ರೆಸ್ ಇಂಥ ಹೊತ್ತಲ್ಲಿ ತಾಣದ ಯಜಮಾನರಿಗೆ ತಾನೇ ಒಂದು ಮಿಂಚಂಚೆ ಕಳಿಸುತ್ತದೆ. ಯಾವ ಪ್ಲಗಿನ್ ಕೆಟ್ಟಿದೆ ಅನ್ನುವುದೂ, ಅದನ್ನು ಪಕ್ಕಕ್ಕಿಟ್ಟು ಒಳಗೆ ಬರಲು ಒಂದು ಕೊಂಡಿಯೂ ಅದರಲ್ಲಿ ಇರುತ್ತದೆ. ಮೇಷ್ಟ್ರು ಆ ಕೊಂಡಿ ಒತ್ತಿ ಒಳಗೆ ಹೋಗಿ, ಸ್ಲೈಡರನ್ನು ಕಿತ್ತು ಹಾಕಿ, ಎಲ್ಲ ಮುಗಿದ ಮೇಲೆ ನನಗೆ ಫೋನ್ ಮಾಡಿದರು. ಸಹಾಯ ಕೇಳಲಿಕ್ಕಲ್ಲ, ಸುದ್ದಿ ಹೇಳಲಿಕ್ಕೆ.

ಅಲ್ಲಿಂದ ಮುಂದೆ ಗುಂಡಿ ಒತ್ತುವ ಕೆಲಸವೂ ಕಡಿಮೆಯಾಗುತ್ತಾ ಬಂದಿದೆ. ಸಣ್ಣಪುಟ್ಟ ಭದ್ರತಾ ಅಪ್‌ಡೇಟುಗಳು ಅಕ್ಟೋಬರ್ 2013ರ 3.7ರಿಂದಲೇ ತಾವಾಗಿ ಆಗುತ್ತಿವೆ. ಆಗಸ್ಟ್ 2020ರ 5.5ರಲ್ಲಿ ಥೀಮು, ಪ್ಲಗಿನ್ನುಗಳಿಗೂ ಬೇಕಾದರೆ ಹಾಗೆ ಮಾಡಿಕೊಳ್ಳುವ ಆಯ್ಕೆ ಬಂತು. ಜುಲೈ 2024ರ 6.6ರಲ್ಲಿ, ತಾನಾಗಿ ಆದ ಪ್ಲಗಿನ್ ಅಪ್‌ಡೇಟಿನಿಂದ ತಾಣ ಕೆಟ್ಟರೆ ತಾನೇ ಹಿಂದಿನ ಆವೃತ್ತಿಗೆ ಮರಳುವ ವ್ಯವಸ್ಥೆಯೂ ಬಂತು.

ಆದರೆ ಅದೇ 2024ರಲ್ಲಿ ಇನ್ನೊಂದು ಪಾಠವೂ ಆಯಿತು. ವರ್ಡ್‌ಪ್ರೆಸ್‌ನ ಸ್ಥಾಪಕರಲ್ಲಿ ಒಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಅನ್ನುವ ಹೋಸ್ಟಿಂಗ್ ಕಂಪೆನಿಗೂ ಜಗಳ ಬಿತ್ತು. ಸೆಪ್ಟೆಂಬರ್ ಕೊನೆಗೆ ಆ ಕಂಪೆನಿಯ ಸರ್ವರುಗಳಿಗೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಬಾಗಿಲು ಮುಚ್ಚಿತು. ಅಲ್ಲಿ ತಾಣ ಇಟ್ಟುಕೊಂಡಿದ್ದ, ಜಗಳಕ್ಕೆ ಏನೂ ಸಂಬಂಧ ಇಲ್ಲದ ಜನರ ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇತ್ತು, ಒತ್ತಿದರೆ ಏನೂ ಬರುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಆ ಕಂಪೆನಿಯ 'ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್' ಪ್ಲಗಿನ್ನಿನ ಪಟ್ಟಿಯ ಜಾಗವನ್ನು ವರ್ಡ್‌ಪ್ರೆಸ್ ಡಾಟ್ ಆರ್ಗ್ ವಶಕ್ಕೆ ತೆಗೆದುಕೊಂಡು, ಬೇರೆ ಹೆಸರಿನಲ್ಲಿ ತನ್ನ ಆವೃತ್ತಿ ಇಟ್ಟಿತು. ತಾನಾಗಿ ಅಪ್‌ಡೇಟ್ ಆಗಲಿ ಅಂತ ಬಿಟ್ಟಿದ್ದ ತಾಣಗಳಿಗೆ ಹೊಸದೇ ಬಂದು ಕೂತಿತು. ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಎರಡನ್ನೂ ಮೊದಲಿನ ಹಾಗೆ ಮಾಡಿ ಅಂತ ಹೇಳಿತು. ಯಾರು ಸರಿ, ಯಾರು ತಪ್ಪು ಅನ್ನುವ ತೀರ್ಮಾನಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ನನಗೆ ಹೊಳೆದದ್ದು ಇಷ್ಟೇ. ಫೈಲನ್ನು ನಾವೇ ಹೊರುತ್ತಿದ್ದಾಗ ದಾರಿ ಉದ್ದವಿತ್ತು, ಆದರೆ ದಾರಿ ನಮ್ಮದಾಗಿತ್ತು. ಈಗ ದಾರಿ ಒಂದೇ ಕ್ಲಿಕ್ಕಿನದ್ದು, ಆದರೆ ಆ ತುದಿಯಲ್ಲಿ ಬಾಗಿಲು ತೆರೆಯುವವರು ಬೇರೆ ಯಾರೋ.

ಹಾಗಂತ ಹಳೇದೇ ಚೆನ್ನಾಗಿತ್ತು ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಎಫ್‌ಟಿಪಿಯ ಕಾಲದಲ್ಲಿ ದಾರಿ ನಮ್ಮದಾಗಿತ್ತು ಅಂದೆನಲ್ಲ, ಆ 'ನಮ್ಮದು' ಅನ್ನುವುದರಲ್ಲಿ ಮೇಷ್ಟ್ರು ಇರಲಿಲ್ಲ. ನಾನಿದ್ದೆ, ನನ್ನಂಥ ನಾಲ್ಕು ಜನ ಇದ್ದರು. ಕನ್ನಡದಲ್ಲಿ ಬರೆಯಲು ವಿಷಯ ಇದ್ದವರು ಒಂದು ಕಡೆ, ಫೈಲು ಸಾಗಿಸಲು ಗೊತ್ತಿದ್ದವರು ಇನ್ನೊಂದು ಕಡೆ. ಮಧ್ಯೆ ಇದ್ದ ಹಳ್ಳಕ್ಕೆ ಆ ಗುಂಡಿ ಒಂದು ಸಂಕ ಹಾಕಿತು. ಸಂಕ ದಾಟುವಾಗ ಜಾರಬಹುದು, ಅದಕ್ಕೆ ಹಳ್ಳದ ಆಚೆಯೇ ಇರಿ ಅನ್ನುವುದು ಉತ್ತರ ಅಲ್ಲ.

ಆದ್ದರಿಂದ ನಿಮ್ಮ ಪರಿಚಯದ ಹಿರಿಯರು ಯಾರಾದರೂ ಸ್ವಂತ ತಾಣ ಇಟ್ಟುಕೊಂಡಿದ್ದು, ನೀವು ಅದನ್ನು ನೋಡಿಕೊಳ್ಳುತ್ತಿದ್ದರೆ, ಅಡ್ಮಿನ್ ಪಾಸ್‌ವರ್ಡು ಅವರ ಹತ್ತಿರವೂ ಇರಲಿ. ಡೊಮೈನು ಅವರ ಹೆಸರಲ್ಲೇ ಇರಲಿ. ಬ್ಯಾಕಪ್ ತೆಗೆಯುವುದನ್ನು ಇನ್‌ಸ್ಟಾಲ್ ಮಾಡುವುದಕ್ಕಿಂತ ಮೊದಲು ಕಲಿಸಿ. ನೀವು ಎಸ್‌ಎಫ್‌ಟಿಪಿ ವಿವರಗಳನ್ನು ಎಲ್ಲೋ ಒಂದು ಕಡೆ ಜೋಪಾನ ಮಾಡಿ, ಗುಂಡಿ ಕೈಕೊಟ್ಟ ದಿನ ಹಳೇ ದಾರಿಯೇ ಬೇಕಾಗುತ್ತದೆ.

ಅಂದ ಹಾಗೆ, ಬಿಟ್ಟಿ ಜಾಗದಲ್ಲಿರುವ ಈ ನನ್ನ ಬ್ಲಾಗಿನಲ್ಲಿ ಎಫ್‌ಟಿಪಿಯೂ ಇಲ್ಲ, ಪ್ಲಗಿನ್ನೂ ಇಲ್ಲ. ಕೊಟ್ಟಷ್ಟರಲ್ಲಿ ಸಂಸಾರ. ಮೇಷ್ಟ್ರಿಗೆ ಎಂಬತ್ತು ಹತ್ತಿರವಾಯಿತು, ಅವರ ತಾಣ ಇನ್ನೂ ನಡೆಯುತ್ತಿದೆ. ಹೋದ ವಾರ ಫೋನ್ ಮಾಡಿದಾಗ ಹೇಳಿದರು. ಪಕ್ಕದ ಮನೆಯ ಕಾಲೇಜು ಹುಡುಗಿಗೆ ಒಂದು ಲಾಗಿನ್ ಮಾಡಿಕೊಟ್ಟಿದ್ದಾರಂತೆ, ಪದಗಳನ್ನು ಅವಳು ಟೈಪ್ ಮಾಡುತ್ತಾಳಂತೆ. "ಅವಳಿಗೂ ಪ್ಲಗಿನ್ ಹಾಕುವ ಅಧಿಕಾರ ಕೊಟ್ಟಿದ್ದೀರಾ ಸಾರ್?" ಅಂತ ಕೇಳಿದೆ.

"ಈಗಲೇ ಎಲ್ಲಿ ಕೊಡುದು! ನಾಲ್ಕು ನಿಯಮ ಬಾಯಿಪಾಠ ಮಾಡ್ಲಿ ಮೊದಲು" ಅಂದರು. ಎಷ್ಟಾದರೂ ಮೇಷ್ಟ್ರಲ್ವಾ. :-)